ಯಾವ ಹೊಸಕೊಪ್ಪ?

ಕೋವಿಡ್ ಮುಗಿದ ಎರಡನೇ ವರ್ಷದ ಮಳೆಗಾಲ. ಅಂಗಡಿ, ಆಫೀಸುಗಳಿಗೆ ಇಂಟರ್ನೆಟ್ ಲೈನ್, ಕ್ಯಾಮೆರಾ, ಫೋನ್ ಹಾಕಿಕೊಡುವ ನನ್ನ ಸ್ವಂತ ಸಂಸ್ಥೆಗೆ ಸಾಗರದಲ್ಲಿ ಆಗ ಏಳನೇ ವರ್ಷ. ಸಂಸ್ಥೆ ಎಂದರೆ ನಾನು, ಒಂದು ಲ್ಯಾಪ್‌ಟಾಪ್, ಒಂದು ಸ್ಕೂಟರ್. ಗೇಣಿ ಮಾಡಿ ಬದುಕಿದ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಿಎಸ್ಸಿ ಎಲೆಕ್ಟ್ರಾನಿಕ್ಸ್. ವಿಸಿಟಿಂಗ್ ಕಾರ್ಡಿನಲ್ಲಿ ಅದನ್ನು ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ನಾಚಿಕೆಯೇನಿಲ್ಲ.

ಆ ವರ್ಷ ನಾಗರಾಜ ಗೌಡರು ನನ್ನನ್ನು ಕರೆಸಿದರು. ತೀರ್ಥಹಳ್ಳಿ ಕಡೆಯವರು. ಮನೆಯಲ್ಲಿ ಮಲಗಿದ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್, ಮಂಚ, ಗಾಲಿಕುರ್ಚಿ ಬಾಡಿಗೆಗೆ ಕೊಡುವ ವ್ಯವಹಾರ. ದೊಡ್ಡ ಅಂಗಡಿ ಸಾಗರದಲ್ಲಿ; ಹೊಸನಗರ, ತೀರ್ಥಹಳ್ಳಿಯಲ್ಲಿ ಒಂದೊಂದು ಕೋಣೆ. ಹೊಸನಗರದಲ್ಲಿ ಸರೋಜಕ್ಕ, ತೀರ್ಥಹಳ್ಳಿಯಲ್ಲಿ ಪ್ರಕಾಶ. ಮೂರು ಊರಿಗೆ ಮೂರು ಹಳೆಯ ಫೋನು. ಪ್ರಕಾಶ ಗಾಡಿ ತಗೊಂಡು ಹೊರಟರೆ ತೀರ್ಥಹಳ್ಳಿಯ ಫೋನ್ ಬಡಕೊಳ್ಳುತ್ತಲೇ ಇರುತ್ತಿತ್ತು, ಎತ್ತುವವರಿಲ್ಲ.

"ಒಂದೇ ನಂಬರ್ ಆಗ್ಬೇಕು ಮೇಡಂ. ಯಾರು ಎಲ್ಲಿಂದ ಮಾಡಿದ್ರೂ ನಮ್ಮಲ್ಲಿ ಒಬ್ರು ಎತ್ಬೇಕು," ಎಂದರು ಗೌಡರು. "ಡಿಗ್ರಿ ಮಾಡಿದವರು ನೀವು, ದಾರಿ ಹೇಳಿ."

ಇಂಟರ್ನೆಟ್ ಫೋನಿಗೆ ಎರಡು ದಾರಿ ಇವೆ. ಕರೆ ಹಂಚುವ ಪೆಟ್ಟಿಗೆಯೊಂದನ್ನು ನಮ್ಮ ಅಂಗಡಿಯಲ್ಲೇ ಇಟ್ಟುಕೊಳ್ಳುವುದು ಒಂದು. ಆ ಕೆಲಸವನ್ನು ದೂರದ ಕಂಪನಿಯ ಕಂಪ್ಯೂಟರಿಗೆ ಬಿಡುವುದು ಇನ್ನೊಂದು. ಅದನ್ನು ಕ್ಲೌಡ್ ಎನ್ನುತ್ತಾರೆ. ಪೆಟ್ಟಿಗೆ ಸಾಗರದಲ್ಲಿದ್ದು, ಮರ ಬಿದ್ದು ಸಾಗರದ ಲೈನ್ ಹೋದರೆ ಮೂರೂ ಊರು ಮೂಗ. ಕ್ಲೌಡಿನಲ್ಲಾದರೆ ಒಂದು ಊರು ಹೋದರೂ ಇನ್ನೆರಡು ಊರಲ್ಲಿ ರಿಂಗ್ ಆಗುತ್ತದೆ, ಯಾವುದೂ ಇಲ್ಲವಾದರೆ ಗೌಡರ ಮೊಬೈಲಿಗೆ ಹೋಗುತ್ತದೆ. ನಾನು ಕ್ಲೌಡ್ ಆರಿಸಿದೆ. ಪ್ರತಿ ಊರಿನಲ್ಲಿ ಬೇರೆ ಬೇರೆ ಕಂಪನಿಯ ಎರಡೆರಡು ಇಂಟರ್ನೆಟ್ ಲೈನ್ ಕೊಡಿಸಿದೆ. ಫೋನಿಗೂ ರೂಟರಿಗೂ ಬ್ಯಾಟರಿ ಇಡಿಸಿದೆ. ಮಾತು ತುಂಡಾಗುತ್ತದೆಯೇ ಎಂದು ಮೂರು ದಿನ ಮೂರು ಊರು ಓಡಾಡಿ ನೋಡಿದೆ. ಈಗಲೂ ಹೇಳುತ್ತೇನೆ, ಆ ಕೆಲಸದಲ್ಲಿ ಒಂದು ತಂತಿಯೂ ತಪ್ಪಿರಲಿಲ್ಲ.

ಮೊದಲು "ಸಾಗರಕ್ಕೆ ಒಂದು ಒತ್ತಿ, ಹೊಸನಗರಕ್ಕೆ ಎರಡು ಒತ್ತಿ" ಎಂದು ಹೇಳುವ ಧ್ವನಿ ಹಾಕಿದ್ದೆ. ಎರಡೇ ದಿನ. ಧ್ವನಿ ಕೇಳಿದ ಕೂಡಲೇ ಜನ ಕಟ್ ಮಾಡುತ್ತಿದ್ದರು. ಸರೋಜಕ್ಕ ನಗುತ್ತಾ ಕಾರಣ ಹೇಳಿದಳು: "ನಾಟ್ ರೀಚಬಲ್ ಅಂತಾಳಲ್ಲ, ಅವ್ಳೇ ಇವ್ಳು ಅಂದ್ಕೊಳ್ತಾರೆ ಮೇಡಂ. ನಮ್ಮತ್ತೆಯಂತೂ ಬೈದೇ ಇಟ್ರು."

"ಆ ಹೆಂಗಸನ್ನ ಮೊದ್ಲು ಮನೆಗೆ ಕಳ್ಸಿ," ಎಂದರು ಗೌಡರು.

ಕಳಿಸಿದೆ. ಕರೆ ಬಂದರೆ ಮೂರೂ ಊರಿನಲ್ಲಿ ಒಟ್ಟಿಗೆ ರಿಂಗ್ ಆಗಲಿ, ಕೈ ಖಾಲಿ ಇದ್ದವರು ಎತ್ತಲಿ ಎಂದು ಬದಲಾಯಿಸಿದೆ. ಮೊದಲ ವಾರ ಒಂದೂ ಕರೆ ತಪ್ಪಲಿಲ್ಲ. ಗೌಡರು ಅಂಗಡಿಗೆ ಬಂದವರಿಗೆಲ್ಲ ನನ್ನ ಕಾರ್ಡ್ ಕೊಟ್ಟರು. ನಾನೂ ಸ್ವಲ್ಪ ನೆಲ ಬಿಟ್ಟೇ ನಡೆದೆ.

ಎರಡನೇ ವಾರ, ಜೋರು ಗಾಳಿಮಳೆಗೆ ಮೂರೂ ತಾಲ್ಲೂಕಿನ ಹಳ್ಳಿಗಳಲ್ಲಿ ಕರೆಂಟ್ ಹೋಗಿತ್ತು. ಕರೆಂಟಿನಲ್ಲಿ ನಡೆಯುವ ಆಕ್ಸಿಜನ್ ಯಂತ್ರಗಳೆಲ್ಲ ನಿಂತು, ಸಿಲಿಂಡರಿಗೆ ಮೇಲಿಂದ ಮೇಲೆ ಬೇಡಿಕೆ. ಸಾಗರದ ಸ್ಟಾಕ್ ಖಾಲಿ. ಶಿವಮೊಗ್ಗದಿಂದ ಬರಬೇಕಾದ ಲಾರಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಹತ್ತೂವರೆಗೆ ನಾನು ಗೌಡರ ಅಂಗಡಿಯಲ್ಲಿ ಒಂದು ಹ್ಯಾಂಡ್‌ಸೆಟ್ ಬದಲಿಸುತ್ತಿದ್ದೆ. ಹೆಂಗಸೊಬ್ಬಳ ಫೋನ್ ಬಂತು, ಗೌಡರು ಎತ್ತಿದರು.

"ಹೊಸಕೊಪ್ಪದ್ದು. ಸಿಲಿಂಡರ್ ಹೊರಟಿದ್ಯಾ? ನಮ್ ಮಾವನ್ನ ನೋಡೋಕೆ ಆಗ್ತಿಲ್ಲ."

ಗೌಡರು ಸ್ಕ್ರೀನ್ ನೋಡಿದರು. ಇದೇ ನಂಬರಿನಿಂದ ಮುಕ್ಕಾಲು ಗಂಟೆ ಹಿಂದೆ ಕರೆ ಬಂದಿದೆ, ಪ್ರಕಾಶ ಎತ್ತಿದ್ದಾನೆ. "ಹೊರಟು ಆಯ್ತಮ್ಮ, ಇನ್ನೇನು ಬಂದ," ಎಂದು ಇಟ್ಟರು.

ಐದು ನಿಮಿಷಕ್ಕೆ ಪ್ರಕಾಶನೇ ಫೋನ್ ಮಾಡಿದ. "ಗೌಡ್ರೇ, ಹೊಸಕೊಪ್ಪದ ಶಾಲೆ ಹತ್ರ ನಿಂತಿದೀನಿ. ಮನೆ ಮನೆ ಕೇಳ್ದೆ. ಇಲ್ಲಿ ಯಾರಿಗೂ ಉಸಿರಾಟದ ತೊಂದ್ರೆನೇ ಇಲ್ಲ. ಬೇಕಾದ್ರೆ ಕಾಫಿ ಕುಡ್ಕೊಂಡು ಹೋಗು ಅಂತಿದಾರೆ."

"ಶಾಲೆ ಹತ್ರ ಅಂತ ಹೇಳಿದ್ದು ಅವ್ರಾ, ನೀನಾ?"

"ನಾನು ಕೇಳ್ದೆ, ಅವ್ರು ಹೌದು ಅಂದ್ರು."

ಗೌಡರು ಕೈ ತಲೆಯ ಮೇಲೆ ಇಟ್ಟುಕೊಂಡರು. ಶಾಲೆ ಇಲ್ಲದ ಊರು ಯಾವುದು? ಸಾಗರದ ಕಡೆ ಒಂದು ಹೊಸಕೊಪ್ಪ, ಹೊಸನಗರದ ಕಡೆ ಒಂದು, ತೀರ್ಥಹಳ್ಳಿಯ ಕಡೆ ಒಂದು. ಹಳೆಯ ಫೋನುಗಳಿದ್ದಾಗ ಈ ತೊಡಕೇ ಇರಲಿಲ್ಲ. ಆಯಾ ಸೀಮೆಯವರು ಆಯಾ ಊರಿನ ನಂಬರಿಗೆ ಮಾಡುತ್ತಿದ್ದರು. ಹೊಸನಗರದ ಫೋನ್ ಬಡಕೊಂಡರೆ ಅದು ಹೊಸನಗರದ ಹೊಸಕೊಪ್ಪ. ತಾಲ್ಲೂಕಿನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಅದನ್ನು ಫೋನಿನ ಬೆಲ್ಲೇ ಹೇಳುತ್ತಿತ್ತು. ಆ ಮೂರು ಬೆಲ್‌ಗಳನ್ನು ಒಂದು ಮಾಡಿದವಳು ನಾನು.

"ನಿಮ್ಮ ಮಿಷನ್ನಿಗೆ ಎಲ್ಲಾ ಗೊತ್ತು ಮೇಡಂ," ಎಂದರು ಗೌಡರು, "ಊರೊಂದು ಬಿಟ್ಟು."

ತಿರುಗಿ ಫೋನ್ ಮಾಡಿದೆವು. ನಾಟ್ ರೀಚಬಲ್. ಆಕೆ ರೇಂಜ್ ಸಿಗುವ ದಿಬ್ಬಕ್ಕೆ ಬಂದು ಮಾತಾಡಿ ಮನೆಗೆ ಇಳಿದಿರಬೇಕು. ರಿಜಿಸ್ಟರಿನಲ್ಲಿ ನಂಬರ್ ಹುಡುಕಿದೆ. ಇಲ್ಲ, ಹೊಸ ಗಿರಾಕಿ. ಪ್ರಕಾಶನ ಗಾಡಿಯಲ್ಲಿದ್ದದ್ದು ದೂರವಾಯಿತು; ಅದು ಬಿಟ್ಟರೆ ತುಂಬಿದ ಸಿಲಿಂಡರ್ ಎಂದು ಉಳಿದಿದ್ದು ಹೊಸನಗರದಲ್ಲಿ ಒಂದೇ ಒಂದು. ಅಲ್ಲಿಂದ ಸಾಗರದ ಹೊಸಕೊಪ್ಪ ಒಂದು ದಿಕ್ಕು, ಹೊಸನಗರದ್ದು ಇನ್ನೊಂದು ದಿಕ್ಕು. ತಪ್ಪು ದಿಕ್ಕಿಗೆ ಹೋದರೆ ತಿರುಗಿ ಬರುವಷ್ಟು ಹೊತ್ತು ಆ ಮುದುಕರಲ್ಲಿ ಇರಲಿಲ್ಲ.

ನನಗೆ ಕೂರಲಾಗಲಿಲ್ಲ. ಆಗ ನೆನಪಾಯಿತು: ಕ್ಲೌಡಿನಲ್ಲಿ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಲ್ಯಾಪ್‌ಟಾಪಿನಲ್ಲಿ ಪ್ರಕಾಶ ಎತ್ತಿದ ಕರೆಯನ್ನು ಹಾಕಿದೆ. ಹೊಸನಗರದ ಸರೋಜಕ್ಕನಿಗೆ ಫೋನ್ ಮಾಡಿ ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ, ಅವಳಿಗೂ ಕೇಳಲಿ ಎಂದು.

"ಹೊಸಕೊಪ್ಪದಿಂದ. ಆಸ್ಪತ್ರೆಯಿಂದ ತಂದ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿದೆ, ಬೇಗ ಕಳ್ಸಿ."

"ಗೊತ್ತು ಗೊತ್ತು, ಶಾಲೆ ಹತ್ರ ಅಲ್ವಾ? ಈಗ್ಲೇ ಹೊರಟೆ."

"ಹೌದು, ಶಾಲೆ ದಾಟಿ."

ಮಾತು ಅಲ್ಲಿಗೆ ಮುಗಿದಿತ್ತು. ಆದರೆ ಲೈನ್ ಕಟ್ಟಾಗುವ ಮೊದಲೇ ಆಕೆ ಆಚೆ ತಿರುಗಿದ್ದಳು. ಮಳೆಯ ಸದ್ದಿನ ನಡುವೆ ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ಸಣ್ಣಗೆ ಕೇಳಿತು: "ಬತ್ತಡ, ಬತ್ತಡ."

ಬರುತ್ತಾರಂತೆ, ಎಂದು. ಅದು ಅಡಿಕೆ ತೋಟದ ಹವ್ಯಕ ಬ್ರಾಹ್ಮಣರ ಮನೆಮಾತು. ಸಾಗರದ ಹೊಸಕೊಪ್ಪ ನನ್ನ ತವರಿನ ಪಕ್ಕದ ಊರು, ಅಲ್ಲಿ ಮೂವತ್ತು ಮನೆಯೂ ನಮ್ಮಂಥ ಗೇಣಿ ಮಾಡಿದವರದ್ದೇ. ಅಲ್ಲಿ "ಬತ್ತಡ" ಎನ್ನುವ ಬಾಯಿ ಒಂದೂ ಇಲ್ಲ.

"ಸರೋಜಕ್ಕ, ನಿಮ್ಮ ಹೊಸಕೊಪ್ಪದಲ್ಲಿ ಹವ್ಯಕರ ಮನೆ ಇದಾವಾ?"

"ನಾಲ್ಕಿದಾವೆ. ಶಾಲೆ ದಾಟಿದ್ಮೇಲೆ. ಮೇಡಂ, ನಾನು ಹೊರಟೆ, ಫೋನ್ ಇಡಿ."

ಆಟೋದ ಹಿಂದಿನ ಸೀಟಿನಲ್ಲಿ ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು ಹೋದಳಂತೆ. ನಮಗೆ ಸುದ್ದಿಯಿಲ್ಲ. ಆ ಊರಿನಲ್ಲಿ ರೇಂಜ್ ಇಲ್ಲ ಎಂದು ಗೊತ್ತಿದ್ದೂ ನಾನು ಅವಳಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಗೌಡರು ಬಾಗಿಲಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ದಿಬ್ಬದ ಮೇಲಿನಿಂದ ಅವಳ ಧ್ವನಿ ಬಂತು.

"ಮುಳ್ಳು ಸೊನ್ನೆಲಿತ್ತು ಮೇಡಂ. ತುಟಿ ನೀಲಿ ಆಗಿತ್ತು. ಈಗ ಕಣ್ಣು ಬಿಟ್ಟಿದಾರೆ. ನೀನು ಯಾರ ಮನೆ ಹುಡುಗಿ ಅಂತ ಕೇಳಿದ್ರು."

ನಾಲ್ಕನೇ ದಿನ ನಾನು ಆ ಮನೆಗೆ ಹೋದೆ. ಯಾರೂ ಹೋಗು ಎಂದಿರಲಿಲ್ಲ. ಫೋನ್ ಮಾಡಿದ್ದ ಸೊಸೆ ಸುಮಿತ್ರ ಜಗಲಿಯಲ್ಲಿ ಕೂರಿಸಿ ಕಷಾಯ ಕೊಟ್ಟರು. ತಪ್ಪು ನನ್ನದು, ಪ್ರಕಾಶನದ್ದಲ್ಲ ಎಂದೆ. ಅವರು ಬೈಯಲಿಲ್ಲ.

"ಫೋನ್ ಯಾರೂ ಎತ್ತದಿದ್ರೆ ಹುಂಚದಲ್ಲಿರೋ ನನ್ನ ತಮ್ಮಂಗೆ ಹೇಳ್ತಿದ್ದೆ. ಜೀಪ್ ಇದೆ ಅವ್ನ ಹತ್ರ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದ," ಎಂದರು. "ಗೊತ್ತು ಗೊತ್ತು ಅಂದ್ರಲ್ಲ ನಿಮ್ಮವ್ರು. ಅದಕ್ಕೇ ಕೂತು ಕಾದೆ."

ಸ್ಕೂಟರ್ ಹತ್ತಿದ ಮೇಲೂ ಆ ಮಾತು ಬಿಡಲಿಲ್ಲ. ಒಂದೂ ಕರೆ ತಪ್ಪಬಾರದು ಎಂದು ನಾನು ಅಷ್ಟು ಲೈನು, ಅಷ್ಟು ಬ್ಯಾಟರಿ ಜೋಡಿಸಿದ್ದೆ. ಎತ್ತದ ಫೋನು ಜನರನ್ನು ಬೇರೆ ದಾರಿಗೆ ಕಳಿಸುತ್ತದೆ. ತಿಳಿಯದೆ ಎತ್ತಿದ ಫೋನು ಅವರನ್ನು ಕಟ್ಟಿ ಕೂರಿಸುತ್ತದೆ. ಎರಡನೆಯದು ಕೆಟ್ಟದ್ದು ಎಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಆ ವಾರವೇ ಮೂರು ಊರಿನ ಹಳೆಯ ನಂಬರುಗಳನ್ನು ಅದೇ ಕ್ಲೌಡಿಗೆ ಸೇರಿಸಿದೆ. ಈಗಲೂ ಕರೆ ಮೂರೂ ಕಡೆ ಒಟ್ಟಿಗೆ ಬರುತ್ತದೆ, ಆದರೆ ಯಾವ ಊರಿನ ನಂಬರಿಗೆ ಬಂತು ಎಂದು ಸ್ಕ್ರೀನಿನಲ್ಲಿ ದಪ್ಪಕ್ಷರದಲ್ಲಿ ಕಾಣುತ್ತದೆ. ಮೂರಕ್ಕೂ ಬೇರೆ ಬೇರೆ ರಿಂಗು. ಅಷ್ಟಾದರೂ ತಾಲ್ಲೂಕು ಕೇಳದೆ ಗಾಡಿ ಹೊರಡುವುದಿಲ್ಲ.

ಅಂದಿನಿಂದ ಯಾರಿಗೆ ಹೊಸ ಫೋನ್ ಹಾಕುವುದಿದ್ದರೂ ಮೊದಲು ಒಂದು ಇಡೀ ದಿನ ಅವರ ಹಳೆಯ ಫೋನಿನ ಪಕ್ಕ ಸುಮ್ಮನೆ ಕೂರುತ್ತೇನೆ. ಜನ ಏನು ಹೇಳುತ್ತಾರೆ ಎಂದಲ್ಲ, ಏನನ್ನು ಹೇಳದೆ ಬಿಡುತ್ತಾರೆ ಎಂದು ಕೇಳಲು. ಈ ಮೇಡಂ ಸುಮ್ಮನೆ ದಿನ ಕಳೀತಾರೆ ಎಂದು ಕೆಲವರು ಆಡಿಕೊಂಡದ್ದೂ ಇದೆ. ಆಡಿಕೊಳ್ಳಲಿ.