ಚೀಟಿ ಹರಿದ ಗಿಟಾರು

ನಮ್ಮ ಓಣಿಯ ಖಾಜಾಮಿಯಾನಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು, ಎಂತೆಂಥವರನ್ನೋ ನೋಡಿದ್ದೇನೆ. ಆದರೆ ಕಲ್ಲಂಗಡಿ ಕೊಯ್ದು ಕೆಂಪಗಿದೆ ಎಂದು ತೋರಿಸಿದ ಮೇಲೂ "ಆ ಕಡಿಗೂ ಕೊಯ್ಯಿ" ಎನ್ನುವವನು ಇವನೊಬ್ಬನೇ. ಡಾಕ್ಟರು ಬರೆದ ಗುಳಿಗೆಯನ್ನು ಎರಡು ಅಂಗಡಿಯಲ್ಲಿ ಕೇಳುತ್ತಾನೆ. ಎರಡೂ ಕಡೆ ಒಂದೇ ಗುಳಿಗೆ ಕೊಟ್ಟರೆ, "ಇಬ್ರೂ ಮಾತಾಡಿಕೊಂಡಾರ" ಅನ್ನುತ್ತಾನೆ. ಮದುವೆಗೆ ಹೋದರೆ ಬಿರಿಯಾನಿಯನ್ನು ಪಾತ್ರೆಯ ತಳದಿಂದ ತೆಗೆಸುತ್ತಾನೆ. ಮೇಲಿನದು ತೋರಿಸಲಿಕ್ಕೆ, ತಳದ್ದೇ ನಿಜ ಎಂಬುದು ಅವನ ಮಾತು.

ಇದಕ್ಕೆ ಅವನ ಕೆಲಸವೇ ಕಾರಣ ಎಂದುಕೊಂಡಿದ್ದೆ. ಹದಿನೇಳರ ವಯಸ್ಸಿನಲ್ಲಿ ಗಬ್ಬೂರಿನಿಂದ ಬಂದು ರಾಯಚೂರಿನ ಒಂದು ರೈಸ್ ಮಿಲ್ಲಿಗೆ ಸೇರಿದವನು, ಈಗ ಅಲ್ಲಿ ಅಕ್ಕಿಯ ಗುಣ ನೋಡುವವನಾಗಿದ್ದಾನೆ. ಗೇಣುದ್ದದ, ತುದಿ ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಒಂದನ್ನು ಹಲ್ಲಿಗಿಟ್ಟು ಕಚ್ಚುತ್ತಾನೆ. ಟಕ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ. ಆ ಕೊಳವೆ ಸದಾ ಅವನ ಜುಬ್ಬಾದ ಜೇಬಿನಲ್ಲೇ ಇರುತ್ತದೆ. ನಮ್ಮ ಮನೆಗೂ ಇಪ್ಪತ್ತು ವರ್ಷದಿಂದ ಅವರ ಮಿಲ್ಲಿನ ಹಸಿರು ಚೀಲದ ಅಕ್ಕಿಯೇ. ತುಟ್ಟಿ, ಆದರೆ ಒಂದನೇ ನಂಬರಿನದು. "ಖಾಜಾ ಇರೂತನಕ ನಮಗೇನು ಚಿಂತಿ" ಎಂದು ನನ್ನ ಹೆಂಡತಿ ಪಾರ್ವತೆಮ್ಮ ಮೂರು ಓಣಿಗೆ ಕೇಳುವ ಹಾಗೆ ಹೇಳಿಕೊಂಡು ತಿರುಗುತ್ತಿದ್ದಳು.

ಅವನ ಮಗಳು ಅರೀಬಾ ದೇವದುರ್ಗದ ಹಾಸ್ಟೆಲ್ಲಿನಲ್ಲಿದ್ದು ಓದುವಾಗ ಅಂಬರೇಶ ಎಂಬ ಮೇಷ್ಟ್ರು ಅವಳಿಗೆ ಗಿಟಾರು ಕಲಿಸಿದ್ದರು. ಓದು ಮುಗಿದ ಮೇಲೆ ಬಟ್ಟೆ ಅಂಗಡಿಯೊಂದರಲ್ಲಿ ಎರಡು ವರ್ಷ ಸೀರೆ ಮಡಚಿದಳು. ಸಂಜೆಗೆ ಮೇಷ್ಟ್ರು ಕೊಟ್ಟ ಹಳೆಯ ಗಿಟಾರನ್ನೇ ಬಾರಿಸುತ್ತಿದ್ದಳು, ಅದರ ಕುತ್ತಿಗೆ ಬಿರಿದು ಮೂಲೆ ಸೇರುವ ತನಕ. ಈ ಜೂನಿನಲ್ಲಿ ಮಾನ್ವಿಯ ಒಂದು ಖಾಸಗಿ ಶಾಲೆಯಿಂದ ಕರೆ ಬಂತು. ಶನಿವಾರ ಬಂದು ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿದರೆ ಸಂಗೀತದ ಟೀಚರ್ ಕೆಲಸ. ಗಿಟಾರು ಮಾತ್ರ ಸ್ವಂತದ್ದಿರಬೇಕು.

"ಇದೊಂದು ಸಿಕ್ರ ಸಾಕು ಕಾಕಾ, ಮತ್ತೇನೂ ಬ್ಯಾಡ ನನಗ. ಅಬ್ಬಾನ ಜೋಡಿ ನೀವೂ ಅಂಗಡಿಗಿ ಬರ್ರಿ. ಅವರೊಬ್ಬರೇ ಬಂದ್ರ ಶನಿವಾರ ದಾಟಿ ಹೋಗ್ತದ" ಎಂದಳು. ಖರೇ ಮಾತು. ಹೋದೆ.

ಗುರುವಾರ ಸ್ಟೇಷನ್ ಕಡೆಯ ಅಂಗಡಿಯಲ್ಲಿ ಕಿರಣಕುಮಾರ ಎಂಬಾತ ನಮ್ಮ ಮುಂದೆ ಮೂರು ಗಿಟಾರು ಇಳಿಸಿಟ್ಟ. ಒಂದು ಯಮಹಾ, ಒಂದು ಫೆಂಡರ್, ಇನ್ನೊಂದು ಕಲಕತ್ತೆಯಲ್ಲಿ ಮಾಡಿದ್ದು. ಕಲಿಸುವವರಿಗಾದರೆ ಯಮಹಾ ಒಳ್ಳೆಯದು ಎಂದ. ಅಷ್ಟಕ್ಕೇ ಖಾಜಾಮಿಯಾನ ಕಣ್ಣು ಸಣ್ಣಗಾದವು.

"ಯಮಹಾ ಅಂದ್ರ ಗಾಡಿ ಅಲ್ಲೇನ್ರಿ? ಗಾಡಿ ಮಾಡವ್ರು ಬಾಜಾ ಯಾಕ ಮಾಡ್ತಾರ?"

"ಮೊದ್ಲು ಬಾಜಾನೇ ಮಾಡ್ತಿದ್ರು ಸಾಹೇಬ್ರ, ಗಾಡಿ ಆಮ್ಯಾಲ ಬಂತು. ಹೊರಗ ಒಂದು ಗಾಡಿ ನಿಂತದ, ಟ್ಯಾಂಕಿನ ಮ್ಯಾಲಿನ ಗುರುತು ನೋಡ್ರಿ. ಸ್ವರ ಸರಿ ಅದನೋ ಇಲ್ಲೋ ನೋಡೋ ಕವಲುಕಡ್ಡಿ ಮೂರು ಅದಾವ."

ಪುಣ್ಯಾತ್ಮ ನಿಜವಾಗಿಯೂ ಹೊರಗೆ ಹೋಗಿ ಯಾರದೋ ಬೈಕಿನ ಟ್ಯಾಂಕಿಗೆ ಮೂಗು ಹಚ್ಚಿ ನೋಡಿದ. ಬೈಕಿನವನು ಓಡಿ ಬಂದು "ಏನ್ ಹುಡುಕಾಕತ್ತೀರಿ ಚಾಚಾ?" ಎಂದು ಗದರಿದ. ಖಾಜಾಮಿಯಾ ಒಳಗೆ ಬಂದು, "ಗುರುತೇನೋ ಅದ. ಗುರುತು ಯಾರು ಬೇಕಾದ್ರೂ ಹೊಡೀತಾರ" ಎಂದು ಕೂತ.

ಅರೀಬಾ ಮೂರನ್ನೂ ಬಾರಿಸಿ ನೋಡಿದಳು. ಯಮಹಾ ಕೈಗೆ ಬಂದಾಗ ಹುಡುಗಿಯ ಮುಖ ಅರಳಿತು. "ಅಬ್ಬಾ, ಇದು. ಅಂಬರೇಶ ಸರ್ ಸುದ್ದಾ ಫೋನಿನಾಗ ಇದನ್ನೇ ಹೇಳಿದ್ರು."

"ಅಂಗಡಿಯವನೂ ಅದನ್ನೇ ಅಂದ, ಮೇಷ್ಟ್ರೂ ಅದನ್ನೇ ಅಂದ್ರು, ನೀನೂ ಅದನ್ನೇ ಅಂತಿ. ಅಂದ್ರ ಒಳಗ ಏನೋ ಅದ. ನೀ ಗ್ವಾಡಿಗೆ ಮುಖ ಮಾಡಿ ನಿಲ್ಲು. ಅವರು ಬಾರಿಸ್ಲಿ. ಯಾವುದು ಛಲೋ ಅದ, ಕೇಳಿ ಹೇಳು."

ಪಾಪ, ನಿಂತಳು. ಕಿರಣಕುಮಾರ ಒಂದಾದ ಮೇಲೊಂದು ಮೂರನ್ನೂ ಬಾರಿಸಿದ. "ಎರಡನೇದು" ಎಂದಳು. ಅದು ಯಮಹಾನೇ. ನಾನು ಚಪ್ಪಾಳೆ ತಟ್ಟಿದರೆ ಖಾಜಾಮಿಯಾ, "ಇವರಿಬ್ರೂ ಏನೋ ಸನ್ನಿ ಮಾಡಿಕೊಂಡ್ರು" ಅನ್ನಬೇಕೆ!

ನನ್ನ ಪಿತ್ತ ನೆತ್ತಿಗೇರಿತು. "ಲೇ ಖಾಜಾ, ಗ್ವಾಡಿ ಕಡೆ ಮುಖ ಮಾಡಿದಾಕಿಗೆ ಬೆನ್ನಾಗ ಕಣ್ಣು ಅದಾವೇನಲೇ? ತಾನು ಕಳ್ಳ, ಪರರ ನಂಬ ಅಂದಂಗ ಆತು ನಿಂದು!"

ಬೇರೆ ದಿನ ಆಗಿದ್ದರೆ ನನಗೆ ಎರಡು ಮಾತು ವಾಪಸ್ ಕೊಡುತ್ತಿದ್ದ. ಅವತ್ತು ಜೇಬಿನ ಕೊಳವೆಯನ್ನು ಸವರಿಕೊಂಡ. ಕಿರಣಕುಮಾರ ಚಹಾ ಹೇಳಲು ಹೊರಗೆ ಹೋದ. ಖಾಜಾಮಿಯಾ ಆ ಗಿಟಾರನ್ನು ಎತ್ತಿ ಬೆಳಕಿಗೆ ಹಿಡಿದು ತೂತಿನಲ್ಲಿ ಇಣುಕಿದ. ಒಳಗೆ ಕಂಪನಿಯ ಹೆಸರಿನ ಚೀಟಿ ಅಂಟಿಸಿತ್ತು. ಸರಕ್ಕನೆ ಜೇಬಿನಿಂದ ಕಬ್ಬಿಣದ ಕೊಳವೆ ತೆಗೆದ. ತಂತಿಗಳ ನಡುವೆ ತೂರಿಸಿ ಚೀಟಿಯ ಅಂಚು ಕೆರೆದ.

"ಅಬ್ಬಾ, ನಕ್ಕೋ, ಬ್ಯಾಡ!" ಎಂದು ಅರೀಬಾ ಚೀರುವಷ್ಟರಲ್ಲಿ ಅರ್ಧ ಚೀಟಿ ಹರಿದು ಬಂದಿತ್ತು. ಅದರ ಕೆಳಗೆ ಬರೀ ಕಟ್ಟಿಗೆ, ಒಣಗಿದ ಅಂಟು. ಮತ್ತೇನೂ ಇರಲಿಲ್ಲ.

ಕಿರಣಕುಮಾರ ಬಂದು ನೋಡಿದವನೇ ತಲೆ ಹಿಡಿದುಕೊಂಡ. "ಏನ್ ಮಾಡಿದ್ರಿ ಸಾಹೇಬ್ರ! ಚೀಟಿ ಹರದದ್ದನ್ನ ಇನ್ನ ಯಾರು ತಗೋತಾರ? ಗ್ಯಾರಂಟಿ ಸುದ್ದಾ ಹೋತು."

ಅರೀಬಾ ಗಿಟಾರನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅವಳ ಕಣ್ಣು ತುಂಬಿದ್ದವು.

"ನನಗ ಗಿಟಾರು ಬ್ಯಾಡ. ಮಾನ್ವಿನೂ ಬ್ಯಾಡ. ಸೀರಿ ಮಡಚ್ಕೋತ ಇರ್ತೀನಿ. ಅಂಗಡಿಯವರನ್ನ ಬಿಡ್ರಿ, ನನ್ನ ಕಿವಿನೂ ನಂಬಲಿಲ್ಲ ನೀವು. ಏನ್ ಹುಡುಕಿದ್ರಿ ಅದರಾಗ?"

"ಕೆಳಗ ಇನ್ನೊಂದು ಹೆಸರು ಇರ್ತದ ಅಂದ್ಕೊಂಡಿದ್ದೆ" ಎಂದ ಖಾಜಾಮಿಯಾ. ದನಿ ಬಿದ್ದುಹೋಗಿತ್ತು. "ಇರಬೇಕಿತ್ತು."

"ಯಾಕ ಇರಬೇಕಿತ್ತು?"

"ನಾವು ಹಂಗ ಮಾಡ್ತೀವಿ ಮಗಳ. ಒಂದೇ ರಾಶಿ ಅಕ್ಕಿ. ಹಸಿರು ಚೀಲಕ್ಕೂ ಅದೇ, ಕೆಂಪು ಚೀಲಕ್ಕೂ ಅದೇ, ಹಳದಿ ಚೀಲಕ್ಕೂ ಅದೇ. ರೇಟು ಮೂರು. ಇಪ್ಪತ್ತು ವರ್ಷ ನಾನೇ ಮುಂದ ನಿಂತು ತುಂಬಿಸೀನಿ. ಎಲ್ಲಾರೂ ಹಂಗೇ ಅದಾರ ಅಂದ್ಕೊಂಡ್ರ ನನಗ ನಿದ್ದಿ ಬರ್ತದ."

ಹಸಿರು ಚೀಲ ಎಂಬುದು ನನ್ನ ಎದೆಗೆ ನಾಟಿತು, ಅದೇ ಚೀಲಕ್ಕೆ ಇಪ್ಪತ್ತು ವರ್ಷ ತುಟ್ಟಿ ರೊಕ್ಕ ಎಣಿಸಿದವನು ನಾನು. ಆದರೆ ಅಳುವ ಹುಡುಗಿಯ ಮುಂದೆ ಅಕ್ಕಿಯ ಜಗಳ ತೆಗೆಯುವುದೇ? ನುಂಗಿಕೊಂಡೆ. ಖಾಜಾಮಿಯಾ ಆ ಗಿಟಾರನ್ನೇ ಕೊಂಡ. ಜನ್ಮದಲ್ಲಿ ಮೊದಲ ಬಾರಿ ಚೌಕಾಸಿ ಮಾಡಲಿಲ್ಲ. ಅರೀಬಾ ಅದನ್ನು ತಬ್ಬಿಕೊಂಡು, ಅಪ್ಪನ ಕಡೆ ನೋಡದೆ, ಮನೆಯ ತನಕ ಮುಂದೆ ಮುಂದೆ ನಡೆದಳು.

ಶನಿವಾರ ಮಾನ್ವಿಗೂ ಮೂವರೂ ಹೋದೆವು. ಶಾಲೆಯ ದೊಡ್ಡ ಟೀಚರು ಸೂಗಮ್ಮ ಗಿಟಾರಿನೊಳಗೆ ಇಣುಕಿ ಹುಬ್ಬು ಗಂಟಿಕ್ಕಿದರು. "ಚೀಟಿ ಹರದದಲ್ಲಮ್ಮ? ಹಳೇದನ್ನ ಹೊಸಾದು ಅಂತ ತಂದಿಯೇನು?"

ಅರೀಬಾಳ ಮುಖ ಸುಟ್ಟ ಬದನೆಕಾಯಿಯಾಯಿತು. ಹಿಂದೆ ಬಾಗಿಲ ಬಳಿ ನಿಂತಿದ್ದ ಖಾಜಾಮಿಯಾ ಮುಂದೆ ಬಂದ. "ಹರದಾಂವ ನಾನ್ರಿ ಮೇಡಂ, ಆಕಿದೇನೂ ತಪ್ಪಿಲ್ಲ. ಹೆಸರು ನೋಡಬ್ಯಾಡ್ರಿ. ಆಕಿ ಕಿವಿ ಖರೇ ಅದ, ನಾನು ಪರೀಕ್ಷಾ ಮಾಡೀನಿ. ಬಾರಿಸ್ತಾಳ, ಕೇಳ್ರಿ."

ಅರೀಬಾ ಎರಡು ದಿನದ ಮೇಲೆ ಅಪ್ಪನ ಮುಖ ನೋಡಿದಳು. ಆಮೇಲೆ ಬಾರಿಸಿದಳು. ಹತ್ತು ನಿಮಿಷಕ್ಕೆ ಮಕ್ಕಳೆಲ್ಲ ಅವಳ ಜೊತೆ ಹಾಡುತ್ತಿದ್ದವು. ಸೋಮವಾರದಿಂದ ಬಾ ಎಂದರು ಸೂಗಮ್ಮ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನಿಂದ ತಡೆಯಲಾಗಲಿಲ್ಲ. "ಖಾಜಾ, ನಮ್ಮ ಹಸಿರು ಚೀಲ?" ಎಂದೆ.

ಮರುದಿನ ಬೆಳಿಗ್ಗೆ ಹೆಗಲ ಮೇಲೆ ಬಿಳಿ ಚೀಲವೊಂದನ್ನು ಹೊತ್ತು ಬಂದ. ಅದರ ಮೇಲೆ ಹೆಸರಿಲ್ಲ, ಚಿತ್ರವಿಲ್ಲ.

"ಪಂಪಾಪತಿ, ಇದು ಹಳೇ ಅಕ್ಕಿ. ನಾನೇ ಕಚ್ಚಿ ನೋಡೀನಿ. ನಂಬು" ಎಂದು ಇಳಿಸಿ, ಚಹಾಕ್ಕೂ ನಿಲ್ಲದೆ ಹೋದ.

ಅವನು ಓಣಿ ತಿರುಗುವ ತನಕ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಚೀಲ ಬಿಚ್ಚಿ, ಮೊಣಕೈ ತನಕ ಕೈ ಇಳಿಸಿ, ತಳದಿಂದ ಒಂದು ಕಾಳು ತೆಗೆದು ಕಚ್ಚಿದೆ. ಟಕ್ ಎಂದಿತು. ಇನ್ನೊಂದು ಕಚ್ಚಿ ನೋಡಿದೆ.