ಮುಹಾರೆಮ್ ಭಾವನ ಮೋಟು ಕೋವಿ

ನಮ್ಮ ಬೆಟ್ಟದಲ್ಲಿ ಯಾರನ್ನೇ ಕೇಳಿ, ಮುಹಾರೆಮ್ ಕಿವುಡಾದದ್ದು ವಯಸ್ಸಿನಿಂದ ಎನ್ನುತ್ತಾರೆ. ಸುಳ್ಳು. ಅವನನ್ನು ಕಿವುಡು ಮಾಡಿದ್ದು ಅವನೇ ಆಸೆಪಟ್ಟು ಮಾಡಿಸಿಕೊಂಡ ಕೋವಿ. ಅವನು ನನ್ನ ಅಕ್ಕ ಸಫಿಯೆಯ ಗಂಡ. ನಾವಿಬ್ಬರೂ ಒಂದೇ ವಾರಿಗೆಯವರಾದ್ದರಿಂದ ಭಾವ ಅಂದರೂ ಏಕವಚನವೇ. ಮನೆಗಳ ಮಾಡಿಗೆ ಮರದ ಹಲಗೆ ಸೀಳಿ ಕೊಡುವುದು ಅವನ ಕಸುಬು, ಚಳಿಗಾಲ ಬಂತೆಂದರೆ ಬೇಟೆಯ ಹುಚ್ಚು.

ಕಪ್ಪು ಸಮುದ್ರಕ್ಕೆ ಮುಖ ಮಾಡಿದ ನಮ್ಮ ಇಳಿಜಾರುಗಳಲ್ಲಿ ಕಾಡಿನೊಳಗೆ ನೆಟ್ಟಗೆ ನಿಂತು ನಡೆಯುವುದೇ ಕಷ್ಟ. ಕಾಡುಗುಲಾಬಿಯ ಪೊದೆಗಳು ಆಳೆತ್ತರ ಬೆಳೆದು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹಿಮ ಬಿದ್ದಾಗ ಉತ್ತರದಿಂದ ಸಮುದ್ರ ದಾಟಿ ಬರುವ ಚುಲ್ಲುಕ್ ಎಂಬ ಉದ್ದ ಕೊಕ್ಕಿನ ಹಕ್ಕಿ ಅಡಗುವುದು ಇಂಥ ಕಡೆಯೇ. ಕಾಲ ಬುಡದಿಂದ ಎದ್ದು, ಎರಡು ಮರಗಳ ಸಂದಿಯಲ್ಲಿ ಹೊರಳಿ ಮಾಯವಾಗುತ್ತದೆ. ಭಾವನ ಅಪ್ಪನ ಕಾಲದ ಜೋಡಿ ನಳಿಗೆಯ ಕೋವಿ ಉದ್ದಕ್ಕಿತ್ತು. ಅದು ಕೊಂಬೆಗೆ ಸಿಕ್ಕಿಕೊಂಡು ಅವನು ಬಿಡಿಸಿಕೊಳ್ಳುವಷ್ಟರಲ್ಲಿ ಹಕ್ಕಿ ವಾಪಸು ರಷ್ಯಾ ಸೇರಿರುತ್ತಿತ್ತು.

ಕೊನೆಗೆ ಅದನ್ನು ಹೊತ್ತುಕೊಂಡು ಪೇಟೆಯ ದುರ್ಸುನ್ ಉಸ್ತಾದನ ಹತ್ತಿರ ಹೋದ. ನಾನೂ ಜೊತೆಗಿದ್ದೆ. ಬಂದೂಕು ರಿಪೇರಿಯಲ್ಲಿ ಕೂದಲು ಬೆಳ್ಳಗಾದ ಮನುಷ್ಯ ದುರ್ಸುನ್. ಭಾವನನ್ನು ಅವನ ದಪ್ಪ ಉಣ್ಣೆ ಕೋಟಿನ ಸಮೇತ ನಿಲ್ಲಿಸಿ, ಕೋವಿ ಎತ್ತು, ಇಳಿಸು, ಮತ್ತೆ ಎತ್ತು ಅಂತ ದರ್ಜಿಯ ಹಾಗೆ ಅಳತೆ ತೆಗೆದುಕೊಂಡ. ನಳಿಗೆ ಕಾನೂನು ಒಪ್ಪುವಷ್ಟು ಮೋಟಾಗಬೇಕು, ಚರೆ ಹೊರಬಿದ್ದೊಡನೆ ಹರಡುವಂತೆ ಬಾಯಿಯ ಬಿಗಿ ಹೋಗಬೇಕು, ಕೋಟಿನ ಕಂಕುಳಿಗೆ ತಡೆಯದಂತೆ ಹಿಡಿ ತೆಳ್ಳಗಾಗಬೇಕು, ಹೆಗಲ ಪಟ್ಟಿ ಪೋಣಿಸುವ ಬಳೆಗಳು ಮುಳ್ಳಿಗೆ ಸಿಕ್ಕಿಕೊಳ್ಳುವುದರಿಂದ ಇರಕೂಡದು. ಎಲ್ಲ ಮಾಡಿ, ಸರ್ಕಾರಿ ಮುದ್ರೆಯನ್ನೂ ಹಾಕಿಸಿ ಕೊಡುವಾಗ ದುರ್ಸುನ್ ಒಂದು ಮಾತು ಹೇಳಿದ.

"ನೋಡು ಮುಹಾರೆಮ್, ಉದ್ದ ನಳಿಗೆ ಆದ್ರೆ ಸದ್ದನ್ನ ಆಚೆ ಹೊತ್ಕೊಂಡು ಹೋಗಿ ಬಿಸಾಕತ್ತೆ. ಇದು ನಿನ್ನ ಮುಖದ ಮುಂದೇನೇ ಒದರತ್ತೆ. ಕಿವಿಗೆ ಹತ್ತಿ ಇಟ್ಕೋ."

"ಹತ್ತಿ ಇಟ್ಕೊಂಡ್ರೆ ಗಂಟೆ ಹೆಂಗೆ ಕೇಳ್ಸತ್ತೆ ಉಸ್ತಾದ್?"

ನಮ್ಮ ಕಾಡಿನಲ್ಲಿ ಬೇಟೆನಾಯಿ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕಾಣಬೇಕು. ಅದರ ಕೊರಳಿಗೆ ಗಂಟೆ ಕಟ್ಟಿರುತ್ತೇವೆ. ಗಂಟೆ ಆಡುತ್ತಿರುವ ತನಕ ನಾಯಿ ಹುಡುಕುತ್ತಿದೆ ಎಂದರ್ಥ. ಗಂಟೆ ನಿಂತಿತೋ, ನಾಯಿ ಹಕ್ಕಿಯೆದುರು ಕಲ್ಲಾಗಿ ನಿಂತಿದೆ. ಆಗ ಬೇಟೆಗಾರ ಕೋವಿ ಎತ್ತಿಕೊಂಡು ಆ ಮೌನದ ಕಡೆಗೆ ಹೆಜ್ಜೆ ಹಾಕಬೇಕು.

ಮೋಟು ಕೋವಿ ಬಂದ ಮೇಲೆ ಭಾವನ ಸಮಕ್ಕೆ ಬೆಟ್ಟದಲ್ಲಿ ಯಾರೂ ಇರಲಿಲ್ಲ. ಅದು ಅವನ ಮೈಗೇ ಹುಟ್ಟಿದ ಹಾಗಿತ್ತು. ಹಕ್ಕಿ ಎದ್ದಿತು ಎನ್ನುವುದರೊಳಗೆ ಕೋವಿ ಭುಜಕ್ಕೆ ಬಂದು ಕೂತಿರುತ್ತಿತ್ತು. ಪ್ರತಿ ಈಡಿಗೂ ಅವನ ಕಿವಿಯೊಳಗೆ ಏನೋ ಒಂದಿಷ್ಟು ಸಾಯುತ್ತಿತ್ತು, ಅದು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಮೊದಲು ಹೋದದ್ದು ಸಣ್ಣ ದನಿಗಳು. ಬೊಂಜುಕ್ ಅಂತ ಅವನದೊಂದು ಬಿಳಿ ಹೆಣ್ಣುನಾಯಿ, ಅದರ ಪುಟ್ಟ ಹಿತ್ತಾಳೆ ಗಂಟೆ ಅವನಿಗೆ ಕೇಳಿಸದಾಯಿತು. ಯಾರಿಗೂ ಹೇಳದೆ ಅವನು ದೊಡ್ಡ ಗಂಟೆ ತಂದ. ಮುಂದಿನ ಚಳಿಗಾಲಕ್ಕೆ ಅದಕ್ಕಿಂತ ದೊಡ್ಡದು. ಆಮೇಲೆ ಆಡಿನದು. ಕೊನೆಗೊಂದು ದಿನ ಬೊಂಜುಕ್ ಹಸುವಿನ ಗಂಟೆ ಹೊತ್ತು, ಕತ್ತು ಬಗ್ಗಿಸಿಕೊಂಡು ಚಹಾದಂಗಡಿಯ ಮುಂದೆ ಢಣಢಣ ಅಂತ ಹೋಯಿತು. ಒಳಗಿದ್ದವರಿಗೆ ಹಬ್ಬ.

"ಏನೋ ಮುಹಾರೆಮ್, ಎಷ್ಟು ಹಾಲು ಕೊಡತ್ತೋ ನಿನ್ ನಾಯಿ?"

"ಮುಂದಿನ ವರ್ಷ ಮಸೀದಿ ಮೈಕು ಕಟ್ತಾನೆ ಬಿಡು!"

ಭಾವ ನಕ್ಕ. ಅವನಿಗೆ ಮಾತು ಕೇಳಿಸಿರಲಿಲ್ಲ, ಎಲ್ಲರೂ ನಗುತ್ತಿದ್ದರು ಅಂತ ನಕ್ಕ.

ಅಕ್ಕನಿಗೆ ನಮಗಿಂತ ಮೊದಲೇ ತಿಳಿದಿತ್ತು. ಅವಳದು ಕೀರಲು ದನಿ. ಎಲೆಕೋಸಿನ ಸಾರು ಬಡಿಸಿ ಕರೆದರೆ ಅವನು ಒಲೆ ನೋಡುತ್ತಾ ಕೂತಿರುತ್ತಿದ್ದನಂತೆ. "ಮದುವೆಯಾದಾಗಿಂದ ಇವ್ನಿಗೆ ಬೈತಾ ಬಂದಿದೀನಿ ಕಣೋ ಹಮ್ದಿ. ಈಗ ನೋಡು, ಬೈಗುಳಾನೂ ದಂಡ" ಅಂತ ಒಮ್ಮೆ ನನ್ನೆದುರು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ನಾಯಿಯ ಕತ್ತು ಗಂಟೆಯ ಭಾರಕ್ಕೆ ಹುಣ್ಣಾದ ದಿನ ಭಾವ ಕೋವಿಯನ್ನು ಗೋಡೆಗೆ ತೂಗುಹಾಕಿ ಹಾಸಿಗೆ ಹಿಡಿದ. ಊಟ ಬಿಟ್ಟ. ಅಕ್ಕ ಸ್ವಲ್ಪ ದಿನ ನೋಡಿದಳು. ಆಮೇಲೆ ಹಸುವಿನ ಗಂಟೆ ಕಿತ್ತೆಸೆದು, ಹಳೆಯ ಪುಟ್ಟ ಹಿತ್ತಾಳೆಯದನ್ನೇ ನಾಯಿಗೆ ಕಟ್ಟಿದಳು. ರಬ್ಬರ್ ಬೂಟು ಹಾಕಿಕೊಂಡು, ಶಾಲು ಬಿಗಿದು, ಗಂಡನ ಕೋಟು ಹಿಡಿದೆಳೆದು ಎಬ್ಬಿಸಿದಳು. "ಏಳೋ ಮುದುಕಾ, ಇನ್ಮೇಲೆ ನಾನೇ ನಿನ್ ಕಿವಿ."

ಅಲ್ಲಿಂದ ಮುಂದೆ ಅವರದೊಂದು ಹೊಸ ಪದ್ಧತಿ. ಅವನು ಮುಂದೆ, ಕೋಟಿನ ತುದಿ ಹಿಡಿದು ಅವಳು ಹಿಂದೆ. ಗಂಟೆ ನಿಂತಾಗ ಕೋಟನ್ನು ಒಂದು ಸಲ ಎಳೆದು, ಕೈ ಬಿಟ್ಟು ಅಲ್ಲೇ ನಿಲ್ಲುವಳು. ಅವನು ಮುಂದೆ ಹೋಗುವನು. ಹೆಂಡತಿಯನ್ನು ಬೇಟೆಗೆ ಕರೆದೊಯ್ಯುವ ಗಂಡಸು ಅಂತ ಅಂಗಡಿಯಲ್ಲಿ ಆಡಿಕೊಂಡರು. ಆಡಿಕೊಂಡವರ ಮನೆಯಲ್ಲಿ ಗಂಡಹೆಂಡಿರು ಅಷ್ಟು ಹತ್ತಿರ ನಡೆದದ್ದನ್ನು ನಾನಂತೂ ಕಂಡಿಲ್ಲ. ಜೀವಮಾನವಿಡೀ ಸೌದೆ, ಹುಲ್ಲು ಹೊರಲು ಮಾತ್ರ ಕಾಡಿಗೆ ಹೋದವಳು ನನ್ನಕ್ಕ. ಆ ಚಳಿಗಾಲ ಬರಿಗೈಲಿ ನಡೆದಳು, ಹುಡುಗಿಯ ಹಾಗೆ ಕೆನ್ನೆ ಕೆಂಪಗೆ ಮಾಡಿಕೊಂಡು ಮನೆಗೆ ಬಂದಳು.

ಅವತ್ತು ಬೆಳಿಗ್ಗೆ ಹೊಸ ಹಿಮ ಬಿದ್ದಿತ್ತು. ಗಾಳಿ ಇರಲಿಲ್ಲ. ನಾನು ಕೆಳಗಿನ ದಾರಿಯಲ್ಲಿ ಹೇಸರಗತ್ತೆಗೆ ಸೌದೆ ಹೇರುತ್ತಿದ್ದೆ. ಮೇಲೆ ಪೊದೆಗಳಲ್ಲಿ ಬೊಂಜುಕ್‌ನ ಗಂಟೆ ಬಿಡದೆ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಭಾವನ ದನಿ ಕೇಳಿಸಿತು. ಕಿವುಡರು ಮಾತಾಡುವ ಹಾಗೆ ಎತ್ತರದ ದನಿ, ತುಂಬ ನಗು.

"ಎಲ್ಲಿ ನಿಂತಿದೆಯೇ ನಾಯಿ? ಓಡಾಡ್ತಾನೇ ಇದೆಯಲ್ಲೇ! ನಿಂಗೂ ಕಿವುಡು ಬಂತಾ?"

ಆಮೇಲೆ ಅವಳ ಹೆಸರು. ಮತ್ತೆ ಅವಳ ಹೆಸರು. ನಾನು ಹೊರೆ ಅಲ್ಲೇ ಕೆಡವಿ ಹತ್ತಿದೆ.

ಅಕ್ಕ ಹಿಮದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಎದೆಯನ್ನು ಒಂದು ಕೈ ಒತ್ತಿ ಹಿಡಿದಿತ್ತು, ಇನ್ನೊಂದು ಮುಂದಕ್ಕೆ ಚಾಚಿತ್ತು. ಹೃದಯ ನಿಂತಿದೆ, ಪಕ್ಕದಲ್ಲೇ ಇದ್ದಿದ್ದರೂ ಯಾರೂ ಏನೂ ಮಾಡಲಾಗುತ್ತಿರಲಿಲ್ಲ ಅಂದರು ಡಾಕ್ಟರು. ಅದನ್ನೂ ನಾನೇ ಭಾವನ ಕಿವಿಗೆ ಕೂಗಿ ಹೇಳಬೇಕಾಯಿತು. ಹೆಣದ ಮುಂದೆ ಕೂಗಿ ಮಾತಾಡುವ ಕಷ್ಟ ಯಾರಿಗೂ ಬೇಡ.

ಕೋವಿಯನ್ನು ಅವನು ಠಾಣೆಗೆ ಒಪ್ಪಿಸಿ ಬಂದ. ಈಗ ಶುಕ್ರವಾರದ ನಮಾಜು ಮುಗಿಸಿ ಚಹಾದಂಗಡಿಗೆ ಬಂದು ನನ್ನೆದುರು ಕೂರುತ್ತಾನೆ. ಸಕ್ಕರೆ ಕರಗುವ ತನಕ ಚಮಚ ಆಡಿಸಿ, ಪ್ರತಿ ಸಲವೂ ಅದೇ ಮಾತು.

"ಹಮ್ದಿ, ನೀನು ಕೆಳಗಿದ್ದೆ. ಅವಳು ಕೋಟು ಎಳೆದಾಗ ಗಂಟೆ ನಿಂತಿತ್ತಾ? ನಿಂತು, ನಾನು ಹೋಗೋ ಅಷ್ಟರಲ್ಲಿ ಮತ್ತೆ ಹೊರಟಿರ್ಬೇಕು ಅಲ್ವಾ?"

"ನಿಂತಿತ್ತು ಭಾವ!" ಅಂತ ಕೂಗುತ್ತೇನೆ. ಅಂಗಡಿಯವರೆಲ್ಲ ತಂತಮ್ಮ ಲೋಟ ನೋಡುತ್ತಾರೆ.

ಅವನು ನನ್ನ ತುಟಿಗಳನ್ನೇ ನೋಡುತ್ತಾನೆ. "ಹಾಗಾದ್ರೆ ಅವಳು ಹೇಳಿದ್ದು ನಾಯಿ ವಿಷಯಾನೇ" ಅಂತ ತನಗೇ ಹೇಳಿಕೊಂಡು ಚಹಾ ಕುಡಿಯುತ್ತಾನೆ.

ಗಂಟೆ ಒಂದು ಕ್ಷಣವೂ ನಿಂತಿರಲಿಲ್ಲ. ಕೋಟು ಎಳೆದು ಅಕ್ಕ ಅವನನ್ನು ಕರೆದಿದ್ದಳು, ಅವನು ಅವಳನ್ನು ಬಿಟ್ಟು ನಾಯಿಯ ಕಡೆ ಹೋದ. ಅಂಗಡಿಯಲ್ಲಿ ಕೂತ ಎಲ್ಲರಿಗೂ ಇದು ಗೊತ್ತು. ಅವನ ಕಿವಿಗೆ ಅದನ್ನು ಕೂಗಿ ಹೇಳುವ ಗಂಟಲು ಮಾತ್ರ ನಮ್ಮ ಬೆಟ್ಟದಲ್ಲಿ ಯಾರಿಗೂ ಇಲ್ಲ.