ದೋರೆಗಾಯಿ ಎಷ್ಟು ಡಿಗ್ರಿ?

ಎರಕದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಬೆಂಕಿಮಾವ ಎನ್ನುತ್ತಾರೆ. ಮೂವತ್ತೊಂದು ವರ್ಷ ಕಲ್ಲಿದ್ದಲಿನ ಕುಲುಮೆಯ ಕಿಂಡಿಯಲ್ಲಿ ಇಣುಕಿ, ಬಣ್ಣ ನೋಡಿಯೇ ಕಬ್ಬಿಣದ ಹದ ಹೇಳಿದವನು: ಇನ್ನೂ ಕಾಯಿ, ಈಗ ದೋರೆಗಾಯಿ, ಹಣ್ಣಾಯಿತು, ಹೊಯ್ಯಿರಿ. ಹೊಗೆಯುಗುಳುವ ಕುಲುಮೆಗಳನ್ನು ಮುಚ್ಚಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿದಾಗ ವಿದ್ಯುತ್ ಕುಲುಮೆ ಹಾಕಿಸೋಣ ಎಂದು ಮೊದಲು ಹೇಳಿದವನೂ ಅವನೇ. ಇಲ್ಲವಾದರೆ ಕಾರ್ಖಾನೆ ಮುಚ್ಚಿ, ಇಲ್ಲಿ ಮಾಡುವ ಪಂಪುಗಳೆಲ್ಲ ಹೊರದೇಶದಿಂದ ಬರಬೇಕಾಗುತ್ತಿತ್ತು. ಹೊಸ ಕುಲುಮೆಗೆ ಮುಚ್ಚಳವಿದೆ, ಕಿಂಡಿಯಿಲ್ಲ. ಶಾಖ ಪರದೆಯ ಮೇಲೆ ಅಂಕಿಯಾಗಿ ಕಾಣುತ್ತದೆ. ಅದನ್ನು ನೋಡುತ್ತ ಕೂರುವುದು ಈಗ ಅವನ ಕೆಲಸ.

“ಮಾವ, ನೀವು ದೋರೆಗಾಯಿ ಅಂತಿದ್ರಂತಲ್ಲ, ಅದು ಎಷ್ಟು ಡಿಗ್ರಿ?” ಎಂದು ಹೊಸ ಇಂಜಿನಿಯರ್ ಹುಡುಗಿ ಒಂದು ದಿನ ಕೇಳಿದಳು.

“ಯಾರಿಗ್ಗೊತ್ತಮ್ಮ? ನೀನು ಮಾವಿನಹಣ್ಣಿಗೆ ಥರ್ಮಾಮೀಟರ್ ಇಟ್ಟು ತಿಂತೀಯಾ? ಒಂದ್ಸಲ ಮುಚ್ಚಳ ತೆಗಿ, ನೋಡಿ ಹೇಳ್ತೀನಿ.”

“ತೆಗೆದ್ರೆ ಶಾಖ ಸೋರುತ್ತೆ, ಕರೆಂಟ್ ಜಾಸ್ತಿ ಎಳೆಯುತ್ತೆ. ಆಮೇಲೆ ಕರೆಂಟಿನ ಲೆಕ್ಕ ಕೇಳೋ ಸರ್ಕಾರದವರು ನನ್ನ ಕಿವಿ ಹಿಂಡ್ತಾರೆ.”

ಅವನು ನಕ್ಕ. ಅವಳ ಮಾತು ಸರಿಯೆಂದು ಅವನಿಗೂ ಗೊತ್ತಿತ್ತು, ಮತ್ತೆ ಕೇಳಲಿಲ್ಲ. ಆದರೆ ಅಚ್ಚಿಗೆ ಹೊಯ್ಯುವಾಗ ಕಬ್ಬಿಣ ಕ್ಷಣಕಾಲ ಬಯಲಿಗೆ ಬರುತ್ತದೆ. ಆಗ ಅವನು ಪರದೆ ಬಿಟ್ಟು ಎದ್ದು ಬಂದು, ಅಚ್ಚಿನ ಬಾಯಲ್ಲಿ ಅದು ಕಪ್ಪಾಗುವವರೆಗೂ ನೋಡುತ್ತ ನಿಲ್ಲುತ್ತಾನೆ.